ಗೇಲಿ ನೆಂಟನ ಲಾರಿ

ಇದು ನಡೆದದ್ದೇ. ಇದರಲ್ಲಿ ಒಂದು ಮಾತು ಸುಳ್ಳಾದರೂ ನನ್ನ ಉಳಿದ ನಾಲ್ಕು ಹಲ್ಲು ಈ ಚಹಾದ ಲೋಟದಲ್ಲೇ ಉದುರಲಿ.

ಮರಳುಗಾಡಿನ ಊರು ಅಗಾದೆಸ್‌ಗೆ ಇನ್ನೊಂದು ಮೈಲಿ ಇದೆ ಅನ್ನುವಾಗ ಅಘಾಲಿಯ ಲಾರಿಯ ಮೇಲೆ ಒಂದು ವಿಮಾನ ಹಾದುಹೋಯಿತು. ಎಷ್ಟು ತಗ್ಗಿನಲ್ಲಿ ಅಂದರೆ, ಕಿಟಕಿಯಿಂದ ಹೊರಗೆ ಚಾಚಿದ್ದ ಅವನ ತಲೆಯ ರುಮಾಲು ಮೂರು ಸುತ್ತು ಬಿಚ್ಚಿಕೊಂಡು ಬಾಲದ ಹಾಗೆ ಹಿಂದೆ ಹಾರಿತು. ಅದು ಅಮೆರಿಕದವರ ಕೊನೆಯ ವಿಮಾನ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ರಾಜಧಾನಿ ನಿಯಾಮೆಯಿಂದ ಹೊರಟು ಮೂರು ದಿನ ಅವನು ದಾರಿಯಲ್ಲಿದ್ದ. ಲಾರಿಯ ತುಂಬ ಅವರ ವಿಮಾನ ನೆಲೆಗೆ ಕುಡಿಯುವ ನೀರಿನ ಬಾಟಲಿಗಳು. ಆ ಬಿಳಿಯರು ನಮ್ಮ ಬಾವಿಯ ನೀರಿನಲ್ಲಿ ಕಾಲು ಸಹ ತೊಳೆಯುತ್ತಿರಲಿಲ್ಲ. ಸರಕಾರ ಅವರಿಗೆ ಹೊರಡಿ ಅಂದದ್ದು ಅವನೂ ರೇಡಿಯೋದಲ್ಲಿ ಕೇಳಿದ್ದ. ಹೊರಡುವವರಿಗೂ ಬಾಯಾರುತ್ತದಲ್ಲ ಅಂದುಕೊಂಡಿದ್ದ.

ಅಪ್ಪ ಬಿಟ್ಟುಹೋದ ಹನ್ನೊಂದು ಒಂಟೆ ಮಾರಿ ಕೊಂಡ ಲಾರಿ ಅದು. ಬೇರೆ ಲಾರಿಗಳನ್ನು ಪೊಲೀಸರು ದಾರಿಯುದ್ದಕ್ಕೂ ಲಂಚಕ್ಕೆ ಸಿಪ್ಪೆ ಸುಲಿದ ಹಾಗೆ ಸುಲಿಯುತ್ತಿದ್ದರು. ಅಘಾಲಿಯ ಗಾಜಿನ ಮೇಲೆ ನೆಲೆಯವರು ಅಂಟಿಸಿದ ಹಸಿರು ಚೀಟಿ ಇತ್ತು. ಆ ಚೀಟಿ ಕಂಡರೆ ಪೊಲೀಸರಿರಲಿ, ನೊಣವೂ ಲಾರಿಯ ಮೇಲೆ ಕೂರುತ್ತಿರಲಿಲ್ಲ.

ಊರ ಬಾಗಿಲಲ್ಲಿ ಎರಡು ಡ್ರಮ್ಮು, ನಡುವೆ ಒಂದು ಹಗ್ಗ. ಹಗ್ಗ ಇಳಿಸುವವನು ಪೊಲೀಸ್ ಸಾರ್ಜೆಂಟ್ ಸುಮಾನಾ. ಅವನು ಜರ್ಮಾ ಜನದವನು, ಅಘಾಲಿ ತುವಾರೆಗ್. ಈ ಎರಡು ಜನಕ್ಕೆ ಮುತ್ತಜ್ಜಂದಿರ ಕಾಲದಿಂದ ಗೇಲಿಯ ನೆಂಟಸ್ತಿಕೆ. ಒಬ್ಬರನ್ನೊಬ್ಬರು ಗುಲಾಮ ಅನ್ನಬಹುದು, ಕಳ್ಳ ಅನ್ನಬಹುದು, ತಟ್ಟೆಯ ಮಾಂಸ ಕಸಿಯಬಹುದು. ಸಿಟ್ಟು ಮಾತ್ರ ಮಾಡಕೂಡದು. ಸಿಟ್ಟಾದವನು ಸೋತ. ಗೇಲಿ ನೆಂಟನ ಮೇಲೆ ದೂರು ತಂದರೆ ಯಾವ ಹಿರಿಯನೂ ಕೇಳುವುದಿಲ್ಲ.

ಆರು ವರ್ಷದಿಂದ ಇವರಿಬ್ಬರದು ಒಂದೇ ಆಟ.

"ಬಂದ್ಯಾ ನನ್ನ ಗುಲಾಮ? ಇಳಿ ಕೆಳಗೆ. ನಿಮ್ಮಜ್ಜ ನಮ್ಮಜ್ಜನ ಕತ್ತೆ ಕದ್ದಿದ್ದ. ಅದರ ಬದಲು ಲಾರಿ ಬಿಟ್ಟು ನಡಿ."

"ತಗೋ ಮಾರಾಯ, ನಿಂದೇ. ಹುಲ್ಲು ತಿನ್ನೋ ನಿಮ್ಮ ಕುಲಕ್ಕೆ ನಾನಲ್ದೆ ಇನ್ಯಾರು ದಾನ ಮಾಡ್ತಾರೆ?"

ಹೀಗಂದು ಅಘಾಲಿ ಕೀಲಿ ಎಸೆಯುತ್ತಿದ್ದ. ಸುಮಾನಾ ಅದನ್ನು ಕಿವಿಗೆ ತೂಗುಹಾಕಿಕೊಂಡು, ಯಜಮಾನನ ಹಾಗೆ ಹೊಟ್ಟೆ ಮುಂದೆ ಮಾಡಿ ಲಾರಿಗೆ ಒಂದು ಸುತ್ತು ಬಂದು, ಚಕ್ರಕ್ಕೆ ಒದ್ದು ನೋಡುತ್ತಿದ್ದ. ಬಸ್ಸಿನ ಜನ, ಚಹಾ ಮಾರುವವಳು, ಎಲ್ಲರೂ ನಗುತ್ತಿದ್ದರು. ಆಮೇಲೆ ಒಂದು ಲೋಟ ಚಹಾ, ಕೀಲಿ ವಾಪಸ್ಸು.

ಅವತ್ತು ಸುಮಾನಾ ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ. ಅಘಾಲಿ ಚಹಾ ಕುಡಿದು ಕೈ ಚಾಚಿದ.

"ಕೊಡು ಮಾರಾಯ, ಬಿಳಿಯರು ಕಾಯ್ತಿರ್ತಾರೆ."

"ಯಾವ ಬಿಳಿಯರು? ಈಗ ನಿನ್ನ ತಲೆ ಮೇಲೇ ಹಾರಿ ಹೋದ್ರಲ್ಲ, ಅವರಾ?" ಸುಮಾನಾ ಹಸಿರು ಚೀಟಿಯನ್ನು ಉಗುರಿನಿಂದ ಕಿತ್ತು, ಅದರಲ್ಲೇ ಬಾಯಿ ಒರೆಸಿಕೊಂಡ. "ನಡ್ಕೊಂಡು ಹೋಗು. ಬಿಸಿಲಿಗೆ ರುಮಾಲಿದೆಯಲ್ಲ."

ಆರು ವರ್ಷದಲ್ಲಿ ಇಂಥ ಒಳ್ಳೆಯ ಗೇಲಿ ಆಗಿರಲಿಲ್ಲ. ಅಘಾಲಿ ಮನೆ ತನಕವೂ ನಗುತ್ತಲೇ ನಡೆದ. ಗುಡಾರದ ಮುಂದೆ ಜೋಳ ಕುಟ್ಟುತ್ತಿದ್ದ ಹೆಂಡತಿ ಘೈಶಾಗೆ ನಗುತ್ತಲೇ ಹೇಳಿದ. ಅವಳ ಒನಕೆ ನಿಂತಿತು.

"ನಕ್ಕಾಯ್ತಾ?" ಅಂದಳು. "ಈಗ ಹೋಗಿ ಲಾರಿ ತಗೊಂಡು ಬಾ."

ಮರುದಿನ ಅವನು ಕಪ್ಪವೆಂದು ಕೋಲಾ ಕಾಯಿ ಒಯ್ದ. ಸುಮಾನಾ ಎಲ್ಲ ಜಗಿದ. "ಇದು ಹಿಂದಿನ ಒಂದು ಚಕ್ರಕ್ಕಾಯ್ತು. ಉಳಿದವಕ್ಕೆ ನಾಳೆ ಬಾ." ಮೂರನೇ ದಿನ ಒಂದು ಮೇಕೆ ಒಯ್ದ. ಅದನ್ನೂ ಸುಟ್ಟು ತಿಂದರು, ಅವನಿಗೂ ಒಂದು ಕಿವಿ ಕೊಟ್ಟರು. ನಾಲ್ಕನೇ ದಿನ ಸಂತೆಯಲ್ಲಿ ಹೆಂಗಸರು ಬಿಳಿಯರ ನೀರಿನ ಬಾಟಲಿ ಮಾರುತ್ತಿದ್ದರು. ಅಘಾಲಿಯ ನಗು ಅಲ್ಲಿಗೆ ನಿಂತಿತು.

ಅವನು ಸುಮಾನಾನ ಮೇಲಧಿಕಾರಿ ಕ್ಯಾಪ್ಟನ್ನನ ಹತ್ತಿರ ಹೋದ. ಕ್ಯಾಪ್ಟನ್ ಹೌಸಾ ಜನದವನು, ಒಳ್ಳೆಯವನೇ. ಸುಮಾನಾನನ್ನೂ ಚಹಾದವಳನ್ನೂ ಕರೆಸಿದ.

"ಕೀಲಿ ಕಿತ್ಕೊಂಡ್ಯಾ?"

"ಇಲ್ಲ ಸಾಹೇಬ್ರೆ, ಅವನೇ ಕೊಟ್ಟ. ಆರು ವರ್ಷದಿಂದ ಬಂದಾಗೆಲ್ಲ 'ನಿಂದೇ' ಅಂತ ಕೊಡ್ತಿದ್ದ. ನಾನೇ ಪಾಪ ಅಂತ ವಾಪಸ್ ಕೊಡ್ತಿದ್ದೆ. ಇವಳನ್ನ ಕೇಳಿ."

"ಹೌದು ಸಾಹೇಬ್ರೆ," ಅಂದಳು ಚಹಾದವಳು, ಸೆರಗಿನಲ್ಲಿ ನಗು ಮುಚ್ಚಿಕೊಂಡು. "ಎಸೆಯೋದನ್ನ ನಾನೇ ನೋಡಿದೀನಿ."

ಕ್ಯಾಪ್ಟನ್ ಮೇಜು ಬಡಿದು ನಕ್ಕ. ಅಘಾಲಿ ಅಪ್ಪನ ಹನ್ನೊಂದು ಒಂಟೆಗಳ ಹೆಸರು ಒಂದೊಂದಾಗಿ ಹೇಳಿದ. ಆರನೆಯ ಒಂಟೆಗೆ ಬರುವಷ್ಟರಲ್ಲಿ ಅವನಿಗೆ ಅಳು ಬಂತು. ಕೋಣೆ ಬಿದ್ದು ಬಿದ್ದು ನಕ್ಕಿತು; ಬಾಗಿಲ ಕಾವಲುಗಾರನ ಬಂದೂಕು ಕೈಜಾರಿತು.

"ಅಳೋದು ನೋಡ್ರೋ," ಅಂದ ಕ್ಯಾಪ್ಟನ್, ಕಣ್ಣೊರೆಸಿಕೊಳ್ಳುತ್ತ. "ಗೇಲೀಲಿ ಈ ತುವಾರೆಗ್‌ಗಳನ್ನ ಮೀರಿಸೋರಿಲ್ಲ."

"ಕುರಾನ್ ಮುಟ್ಟಿ ಹೇಳ್ತೀನಿ ಸಾಹೇಬ್ರೆ," ಅಂದ ಅಘಾಲಿ.

ಕ್ಯಾಪ್ಟನ್ನನ ಮುಖ ಗಂಭೀರವಾಯಿತು. "ಗೇಲಿಗೆಲ್ಲ ಅದನ್ನ ಎಳೀಬಾರ್ದಪ್ಪ. ಪಾಪ ಬರ್ತದೆ. ಹೋಗಿ, ಇಬ್ರೂ ಹೋಗಿ."

ಅಂಗಳದಲ್ಲಿ ಸುಮಾನಾ ಎಲ್ಲರೆದುರು ಅವನನ್ನು ಅಪ್ಪಿಕೊಂಡ. ಜನ ಚಪ್ಪಾಳೆ ಹೊಡೆದರು. ಅಪ್ಪಿಕೊಂಡವನು ಕಿವಿಯಲ್ಲಿ ಮೆಲ್ಲಗೆ ಹೇಳಿದ:

"ಅಳು. ಇನ್ನೂ ಅಳು. ನೀನು ಅತ್ತಷ್ಟೂ ಅದು ನಂದಾಗ್ತದೆ."

ಲಾರಿಗೆ ನೀಲಿ ಬಣ್ಣ ಬಂತು. ಈಗ ಸುಮಾನಾನ ಅಳಿಯ ಅದರಲ್ಲಿ ಈರುಳ್ಳಿ ಹೊಡೆಯುತ್ತಾನೆ. ಘೈಶಾ ಗುಡಾರ ಬಿಚ್ಚಿಕೊಂಡು ತವರಿಗೆ ಹೋದಳು. ನಮ್ಮಲ್ಲಿ ಗುಡಾರ ಹೆಂಡತಿಯದು. ಅವತ್ತು ಅಘಾಲಿ ಮಲಗಿದ್ದ ಚಾಪೆಯ ಸುತ್ತ ಬರೀ ಮರಳು ಉಳಿಯಿತು. ಅಗಾದೆಸ್‌ನಲ್ಲಿ ಯಾರದೇ ಮದುವೆಯಾಗಲಿ, ಅವನನ್ನು ಕರೆಯುತ್ತಾರೆ. ಊಟ ಹಾಕಿ, "ಎಲ್ಲಿ ಅಘಾಲಿ, ಲಾರಿದು ಅಳು ನೋಡೋಣ" ಅನ್ನುತ್ತಾರೆ. ಅವನು ಎದ್ದು ನಿಂತು ಒಂಟೆಗಳ ಹೆಸರು ಹೇಳತೊಡಗುತ್ತಾನೆ. ಆರನೆಯದಕ್ಕೆ ಸರಿಯಾಗಿ ಕಣ್ಣೀರು. ಮಕ್ಕಳು ಹತ್ತಿರ ಬಂದು ಅವನ ಕೆನ್ನೆ ಮುಟ್ಟಿ, ಬೆರಳು ನೆಕ್ಕಿ ನೋಡುತ್ತಾರೆ, ಉಪ್ಪಿದೆಯೋ ಇಲ್ಲವೋ ಅಂತ.

ಇವತ್ತು ಈ ಮದುವೆಗೂ ಬರುತ್ತಾನಂತೆ. ನಡುವೆ ನೀವು ಎರಡು ಸಲ ನಕ್ಕಿರಿ, ನಾನು ನೋಡಿದೆ. ಅವನಿಗೆಂದು ಮುಚ್ಚಿಟ್ಟ ಆ ಮಾಂಸದ ತಟ್ಟೆ ನಿಮ್ಮ ಪಕ್ಕದಲ್ಲೇ ಇದೆ. ಅವನು ಬರುವ ಮೊದಲು ಮೆಲ್ಲಗೆ ಇತ್ತ ದೂಡಿ.