ಡಾಕ್ಟರಕ್ಕನ ಚಳಿಗಾಲದ ಬೆಟ್ಟ

ಡಾಕ್ಟರಕ್ಕ ಪ್ರಶ್ನೆ ಕೇಳುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ. ಇದರಲ್ಲಿ ಅಹಂಕಾರವೇನೂ ಇಲ್ಲ. ಪಾಪ, ವೃತ್ತಿಯಿಂದ ಅಂಟಿದ ಚಾಳಿ. ಬಾಯಿ ತೆರೆದುಕೊಂಡು ಒರಗಿದವರ ಜೊತೆ ಮಾತಾಡಿಯೇ ಆಯುಷ್ಯ ಸವೆಸಿದ ದಂತವೈದ್ಯೆಗೆ, ಎದುರಿನವರ ನಾಲಿಗೆ ಇರುವುದು ಕೆಲಸಕ್ಕೆ ಅಡ್ಡ ಬರುವುದಕ್ಕಷ್ಟೇ ಅಲ್ಲ ಎಂಬ ಸಂಗತಿ ಮರೆತುಹೋಗಿದ್ದರೆ ಆಶ್ಚರ್ಯವೇನು? “ಹೇಗಿದ್ದೀರಿ? ಚೆನ್ನಾಗಿದ್ದೀರಿ. ಮಗಳ ಓದು ಮುಗೀತಾ? ಮುಗಿದಿರುತ್ತೆ ಬಿಡಿ. ನೋಯುತ್ತಾ? ಇಲ್ಲ, ನೋಯಲ್ಲ.” ಹೀಗೆ ಎರಡೂ ಪಾತ್ರಗಳನ್ನು ತಾವೇ ವಹಿಸಿ ಸಂಭಾಷಣೆಯನ್ನು ಸಾಂಗವಾಗಿ ಮುಗಿಸಿ, ಇಕ್ಕಳವನ್ನು ತಟ್ಟೆಗೆ ಹಾಕುವ ಹೊತ್ತಿಗೆ ರೋಗಿಯ ಹಲ್ಲೂ ಹೊರಗೆ ಬಂದಿರುತ್ತದೆ, ಅವನ ಮನೆಯ ಸಮಾಚಾರವೂ ತೀರ್ಮಾನವಾಗಿರುತ್ತದೆ. ಬೀದಿಯ ಜನಕ್ಕೆ ಅದೇ ಇಷ್ಟ. ಆ ಗಟ್ಟಿ ಕಂಠ ಕಿವಿಗೆ ಬಿದ್ದರೆ ಅರ್ಧ ನೋವು ಇಳಿದಂತೆ ಎನ್ನುತ್ತಾರೆ.

ಫಜೀತಿಯಾದದ್ದು ತಂಗಿಗೆ. ಐವತ್ತು ದಾಟಿದರೂ ಅಕ್ಕನ ಬಾಯಲ್ಲಿ ಇನ್ನೂ ‘ಪುಟ್ಟಿ’ಯಾಗಿಯೇ ಉಳಿದಿರುವ ಈ ತಂಗಿ, ಮದುವೆಯ ಗೋಜಿಗೆ ಹೋಗದೆ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ಅಕ್ಕನ ಜೊತೆಗೇ ಇದ್ದು, ಕೆಳಗೆ ರೋಗಿಗಳನ್ನು ಸರದಿಯಂತೆ ಒಳಗೆ ಕಳಿಸುತ್ತ, ಮೇಲೆ ಒಲೆಯ ಮೇಲಿಟ್ಟದ್ದು ಸೀದುಹೋಗದಂತೆ ನೋಡಿಕೊಳ್ಳುತ್ತ, ದಿನವಿಡೀ ಮೆಟ್ಟಿಲು ಹತ್ತಿಳಿದು ಬದುಕಿದವರು. ಈಗ ಅವರಿಗೆ ಮದುವೆಯ ಮನಸ್ಸಾಗಿದೆ. ವರ, ಪಕ್ಕದ ಬೀದಿಯಲ್ಲಿ ಬೀಗ ರಿಪೇರಿ ಮಾಡುವವರು. ಕ್ಲಿನಿಕ್ಕಿನ ಬಾಗಿಲು ಸರಿಮಾಡಲು ಬಂದವರು, ಬಾಗಿಲು ಸರಿಹೋದ ಮೇಲೂ ಬರುತ್ತಲೇ ಇದ್ದರು. ಅವರಿಗೆ ಹೂಂ ಅಂದಾಗಿದೆ, ಇಬ್ಬರೂ ಹೋಗಿ ಮನೆಯನ್ನೂ ನೋಡಿಟ್ಟಾಗಿದೆ. ಅಕ್ಕನಿಗೆ ಹೇಳುವುದೊಂದು ಬಾಕಿ. ಹೇಳಲು ಬಾಯಿ ತೆರೆದಾಗಲೆಲ್ಲ ಅಕ್ಕ, “ಏನೇ ಪುಟ್ಟಿ, ಮುಖ ಸಪ್ಪಗಿದೆ? ನಿದ್ದೆ ಆಗಿಲ್ಲ. ಹೋಗಿ ಮಲ್ಕೋ” ಎಂದು ಪ್ರಶ್ನೆ, ರೋಗನಿದಾನ, ಚಿಕಿತ್ಸೆ ಮೂರನ್ನೂ ಒಂದೇ ಉಸಿರಿನಲ್ಲಿ ಮುಗಿಸಿಬಿಡುತ್ತಾರೆ. ಬೇಡವೆಂದರೆ ಜಗಳವಾದರೂ ಆಡಬಹುದು. ಕೇಳಿಸಿಕೊಳ್ಳದವರ ಜೊತೆ ಏನು ಮಾಡುವುದು? ಹೇಳದೆ ಕೇಳದೆ ಎದ್ದು ಹೋಗುವುದು ತಂಗಿಯ ಜಾಯಮಾನವೇ ಅಲ್ಲ. ಅಕ್ಕನನ್ನು ಅಷ್ಟು ಹಚ್ಚಿಕೊಂಡಿದ್ದಾರೆ.

ಈ ಡಾಕ್ಟರಕ್ಕನಿಗೆ ಚಳಿಗಾಲದ ಬೆಟ್ಟದ ಹುಚ್ಚು. ಊರಿನ ಉಳಿದವರೆಲ್ಲ ಬೇಸಿಗೆಯಲ್ಲಿ, ಹೂವರಳಿದಾಗ, ಬುತ್ತಿ ಕಟ್ಟಿಕೊಂಡು ಹೋದರೆ, ಇವರು ಹಿಮ ಬಿದ್ದು ದಾರಿ ಗಟ್ಟಿಯಾದ ಮೇಲೆ, ರಜೆಯ ದಿನ ನೋಡಿ, ತಂಗಿಯನ್ನು ಎಳೆದುಕೊಂಡು ಹೊರಡುತ್ತಾರೆ. “ಬೇಸಿಗೆಯಲ್ಲಿ ಬೆಟ್ಟ ತುಟಿ ಮುಚ್ಚಿಕೊಂಡು ನಗುತ್ತೆ ಕಣೇ, ಫೋಟೋಕ್ಕೆ ನಿಂತೋರ ಹಾಗೆ. ಬಾಯಿ ತೆರೆದು ತೋರಿಸೋದು ಚಳಿಗಾಲದಲ್ಲೇ” ಎಂಬುದು ಅವರ ಪ್ರಕೃತಿಮೀಮಾಂಸೆಯ ಪ್ರಥಮ ಸೂತ್ರ. ಮೊಣಕಾಲಿನವರೆಗೆ ಬರುವ ಬೂದುಬಣ್ಣದ ಕೋಟು. ಒಂದು ಗುಂಡಿ ಕಿತ್ತುಹೋದಲ್ಲಿ ಹಲ್ಲು ಸ್ವಚ್ಛ ಮಾಡುವ ಗಟ್ಟಿ ದಾರದಿಂದಲೇ ಹೊಲಿದ ಬೇರೆ ಗುಂಡಿ. ನಡಿಗೆಯೂ ಅವರದೇ ಧಾಟಿಯದು: ಮೊಣಕೈಗಳನ್ನು ಅಗಲಿಸಿ, ಹಿಮ್ಮಡಿಯನ್ನು ಮೊದಲು ಊರಿ, ನೆಲ ಒಪ್ಪಿತೆಂದು ಖಾತ್ರಿಯಾದ ಮೇಲಷ್ಟೇ ಭಾರ ಬಿಡುವ ನಡಿಗೆ. ಕೋಟಿನ ಜೇಬಿನಲ್ಲಿ ಹಲ್ಲು ನೋಡುವ ಉದ್ದ ಹಿಡಿಯ ಪುಟ್ಟ ಕನ್ನಡಿ. ಅದನ್ನು ಬಂಡೆಯ ಬಿರುಕಿನೊಳಗೆ ತೂರಿಸಿ, ಅಲ್ಲಿ ಒಂದರ ಮೇಲೊಂದು ಒತ್ತರಿಸಿಕೊಂಡು ಮಲಗಿದ ಚುಕ್ಕೆಬೆನ್ನಿನ ಕೆಂಪು ಹುಳುಗಳನ್ನು ತಂಗಿಗೆ ತೋರಿಸುತ್ತಾರೆ. “ಸತ್ತಿವೆಯಾ? ಇಲ್ಲ. ಹಸಿವಿದೆಯಾ? ಇಲ್ಲ. ಬಿಸಿಲು ಬರೋವರೆಗೂ ಯಾರಿಗೂ ಬಗ್ಗಲ್ಲ ಇವು.” ಹೇಳುವಾಗ ಆ ಮುಖದ ಮೇಲೆ ಎಳೆಯ ಮಕ್ಕಳ ಸಂಭ್ರಮ.

ಆ ಬೆಟ್ಟದಲ್ಲಿ, ನೆತ್ತಿಗೆ ಸ್ವಲ್ಪ ಮೊದಲು, ಗೋಡೆಯಂತೆ ಎದ್ದುನಿಂತ ಒಂದು ಏರಿದೆ. ಜಗತ್ತಿನಲ್ಲಿ ಡಾಕ್ಟರಕ್ಕನ ಬಾಯಿ ಕಟ್ಟುವ ಶಕ್ತಿ ಇರುವುದು ಅದಕ್ಕೊಂದಕ್ಕೇ. ಅಲ್ಲಿ ಅವರಿಗೆ ಉಸಿರೇ ಸಾಲದು, ಮಾತಿಗೆಲ್ಲಿಂದ ತರುವುದು! ಮೆಟ್ಟಿಲು ಹತ್ತಿ ಪಳಗಿದ ತಂಗಿಗೆ ಆ ಏರು ಲೆಕ್ಕಕ್ಕಿಲ್ಲ. ಈ ಸಲ ಬೆಟ್ಟಕ್ಕೆ ಹೊರಡುವಾಗಲೇ ಅವರು ಜಾಗ ಗೊತ್ತುಮಾಡಿಕೊಂಡಿದ್ದರು. ಬುಡದಿಂದ ಅಲ್ಲಿಯವರೆಗೂ ಅಕ್ಕನ ಮಾತಿಗೆ ಹೂಂಗುಟ್ಟುತ್ತ ಬಂದು, ಏರಿನ ಅರ್ಧಕ್ಕೆ ತಲುಪಿದ್ದೇ ತಡ, ತಿರುಗಿ ನಿಂತರು.

“ಅಕ್ಕ, ನಾನು ಮದುವೆ ಆಗ್ತಿದ್ದೀನಿ. ಬೀಗದ ಅಂಗಡಿಯವರನ್ನ.”

ಅಕ್ಕನ ಬಾಯಿ ತೆರೆಯಿತು. ಬಂದದ್ದು ಬರೀ ಹಬೆ.

“ಹಿಮ ಕರಗೋ ಹೊತ್ತಿಗೆ ಅವರ ಜೊತೆ ಹೋಗ್ತೀನಿ. ಕ್ಲಿನಿಕ್ಕಿಗೆ ಬೇರೆ ಯಾರನ್ನಾದ್ರೂ ನೋಡ್ಕೋ. ಕೈ ಆಡಿಸಬೇಡ, ಪೂರ್ತಿ ಕೇಳು. ನಿನ್ನ ಒಪ್ಪಿಗೆಗೆ ಕಾಯ್ತಿಲ್ಲ ನಾನು. ಆದ್ರೆ ನೀನು ಮುಖ ಊದಿಸ್ಕೊಂಡು ಕೂತ್ರೆ ನನ್ನ ಕೈಲಿ ಸಂತೋಷವಾಗಿರೋಕೆ ಆಗಲ್ಲ. ಅಷ್ಟೇ.”

ಇಷ್ಟು ಹೇಳಿ, ಜನ್ಮದಲ್ಲಿ ಮೊದಲ ಬಾರಿಗೆ ಅಕ್ಕನ ಮುಂದೆ ಒಂದು ಮಾತನ್ನು ಪೂರ್ಣವಿರಾಮದವರೆಗೆ ಮುಟ್ಟಿಸಿದ ತೃಪ್ತಿಯಲ್ಲಿ ತಂಗಿ ದಡದಡನೆ ಮೇಲೇರಿದರು.

ನೆತ್ತಿಗೆ ಬಂದ ಅಕ್ಕ ಬಂಡೆಯ ಮೇಲಿನ ಹಿಮವನ್ನು ಕೈಯಿಂದ ಬಳಿದು ಕುಳಿತರು. ಫ್ಲಾಸ್ಕಿನ ಬಿಸಿನೀರು ಕುಡಿದರು. ಎದುರಿಗೆ ಕಣ್ಣು ಹಾಯುವವರೆಗೂ ಬೆಟ್ಟದ ಹಿಂದೆ ಬೆಟ್ಟ, ಎಲೆಯಿಲ್ಲದ ಮರಗಳು, ನಿರ್ಮಲವಾದ ಬಿಸಿಲು. ಉಸಿರು ಹದಕ್ಕೆ ಬಂದರೂ ಅವರು ಮಾತಾಡಲಿಲ್ಲ. ತಂಗಿಗೆ ನಿಜಕ್ಕೂ ದಿಗಿಲಾದದ್ದು ಆಗ.

“ಆ ಬೀಗದ ಅಂಗಡಿಯವರ ದವಡೆಹಲ್ಲು ನಾನೇ ಕಿತ್ತಿದ್ದು” ಎಂದರು ಕೊನೆಗೆ. “ಮಿಕ್ಕಿದ್ದೆಲ್ಲ ನೋಡಿದ್ದೀನಿ. ಒಂದೂ ಸವೆದಿಲ್ಲ. ಒಳಗೊಳಗೇ ಕುದಿಯೋರು, ಹೆದರೋರು, ನಿದ್ದೇಲಿ ಹಲ್ಲು ಕಡೀತಾರೆ. ಹಲ್ಲಿನ ತಲೆ ಚಪ್ಪಟೆ ಆಗಿಬಿಟ್ಟಿರುತ್ತೆ. ಇವರು ಹಾಯಾಗಿ ನಿದ್ದೆ ಮಾಡೋ ಜನ. ಮಾಡ್ಕೊಳ್ಳೇ, ಒಳ್ಳೆಯವರು.”

ತಂಗಿಯ ಕಣ್ಣು ತುಂಬಿತು. ಅಕ್ಕ ದೂರದ ಬೆಟ್ಟದ ಕಡೆಗೇ ನೋಡುತ್ತಿದ್ದರು.

“ನನ್ನವು ಹೇಗಿವೆ, ಗೊತ್ತಾ ನಿಂಗೆ?”

ಕೇಳಿ, ಸುಮ್ಮನಾದರು. ಗಾಳಿ ಬೀಸಿತು, ಕೊಂಬೆಯಿಂದ ಹಿಮ ಉದುರಿತು. ಅಕ್ಕ ಕಾಯುತ್ತಿದ್ದಾರೆಂದು ತಂಗಿಗೆ ಹೊಳೆಯಲು ತುಸು ಹೊತ್ತೇ ಬೇಕಾಯಿತು.

“ಗೊತ್ತಕ್ಕ. ನಮ್ಮ ಕೋಣೆಗಳ ಮಧ್ಯದ ಗೋಡೆ ತೆಳು. ರಾತ್ರಿ ನೀನು ಹಲ್ಲು ಕಡಿಯೋದು ಎಷ್ಟೋ ವರ್ಷದಿಂದ ಕೇಳಿಸುತ್ತೆ.”

“ಮತ್ತೆ ಒಂದಿನಾನೂ ಹೇಳ್ಲಿಲ್ವಲ್ಲೇ?”

“ನೀನು ಯಾವತ್ತು ಹೇಳೋಕೆ ಬಿಟ್ಟಿದ್ದೆ?”

ಡಾಕ್ಟರಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುನಗುತ್ತಲೇ ಅತ್ತರು. “ಒಬ್ಬಳೇ ಇರೋಕೆ ಭಯ ಕಣೇ ನಂಗೆ” ಎಂದು, ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡರು. ತಂಗಿ ಹತ್ತಿರ ಸರಿದು, ಆ ದೊಡ್ಡ ಬೆನ್ನಿನ ಮೇಲೆ ಕೈಯಿಟ್ಟು, “ಪಕ್ಕದ ಬೀದಿನೇ ಅಕ್ಕ, ನಾನೆಲ್ಲಿ ಹೋಗ್ತೀನಿ. ಏನೂ ಆಗಲ್ಲ, ನಾನಿದ್ದೀನಿ” ಎಂದರು. ಅಕ್ಕ ತಲೆಯಾಡಿಸುತ್ತ ಹೂಂಗುಟ್ಟಿದರು.

ಊರಿಗೆಲ್ಲ ಧೈರ್ಯ ಹಂಚುವ ಇಂಥ ಜನ ಪ್ರತಿ ಬೀದಿಯಲ್ಲೂ ಒಬ್ಬರಾದರೂ ಇರುತ್ತಾರೆ. ಅವರ ದನಿ ದೊಡ್ಡದು, ಹೆಜ್ಜೆ ಗಟ್ಟಿ. ಅವರಿಗೂ ಒಂದು ಸಾಂತ್ವನದ ಮಾತು ಬೇಕಿರಬಹುದೆಂಬ ಯೋಚನೆ ಅವರ ನೆರಳಿನಲ್ಲಿ ಬೆಚ್ಚಗಿರುವ ನಮಗೆ ಬರುವುದೇ ಇಲ್ಲ, ಅವರಾಗಿ ಕೇಳುವವರೂ ಅಲ್ಲ. ಅಂಥವರು ಎಂದಾದರೊಮ್ಮೆ ತಮ್ಮ ಭಯವನ್ನು ನಮ್ಮ ಮುಂದೆ ಬಿಚ್ಚಿಟ್ಟರೆ, ಅವರ ಲೆಕ್ಕದಲ್ಲಿ ಅಂದಿಗೆ ನಾವು ದೊಡ್ಡವರಾದೆವೆಂದು ತಿಳಿಯಬೇಕು.