ಗಿಡ್ಡಪ್ಪನಿಗೆ ಎಳೆಬಿಸಿಲು

ಬಸವೇಶ್ವರನಗರದಲ್ಲಿ ಜಗದಾಂಬಾ ಅವರ ಮನೆಯ ಗೇಟಿನ ಪಕ್ಕ ದೊಡ್ಡ ನೇರಳೆ ಮರವಿತ್ತು. ಅದರ ಬುಡದಲ್ಲಿ, ಯಾವ ಹಕ್ಕಿ ಹಾಕಿದ ಬೀಜವೋ, ಒಂದು ಸಂಪಿಗೆ ಸಸಿ. ವರ್ಷಗಟ್ಟಲೆ ಮೊಣಕಾಲುದ್ದವೇ ಇತ್ತು. ಬೆಳೆಯಲೂ ಇಲ್ಲ, ಸಾಯಲೂ ಇಲ್ಲ. ಅವರು ಅದಕ್ಕೆ ಗಿಡ್ಡಪ್ಪ ಎಂದು ಹೆಸರಿಟ್ಟಿದ್ದರು.

ಬೇಸಿಗೆಯ ಮೊದಲ ಗಾಳಿಮಳೆಗೆ, ಗೆದ್ದಲು ತಿಂದು ಟೊಳ್ಳಾಗಿದ್ದ ನೇರಳೆ ಮರ ಉರುಳಿತು. ಗಿಡ್ಡಪ್ಪ ಹೇಗೋ ಉಳಿಯಿತು. ಆದರೆ ಆಮೇಲಿನ ಬಿಸಿಲಿಗೆ ಅದರ ಅಗಲವಾದ ಎಲೆಗಳು ಹಪ್ಪಳದಂತೆ ಒಣಗಿದವು. ನೆರಳಲ್ಲೇ ಬೆಳೆದ ಜೀವ, ಪಾಪ. ದೊಡ್ಡದಂತೂ ಹೋಯಿತು, ಇದೂ ಹೋದರೆ ಬಾಗಿಲಿಗೆ ಹಸಿರೇ ಇಲ್ಲ ಎಂದುಕೊಂಡ ಜಗದಾಂಬಾ ನಾಲ್ಕು ಕೋಲು ನೆಟ್ಟು ಹಳೆಯ ಇಳಕಲ್ ಸೀರೆ ಹೊದಿಸಿದರು.

“ಏನಾಂಟಿ, ಹೆಸರು ಗಿಡ್ಡಪ್ಪ ಅಂತೀರಾ, ಸೀರೆ ಉಡಿಸಿದೀರಾ?” ಮೇಲಿನ ಪೋರ್ಷನ್‌ನ ಬಾಡಿಗೆದಾರ ಉದಯಕುಮಾರ್ ಸ್ಕೂಟರ್ ತಳ್ಳುತ್ತಾ ನಕ್ಕ.

“ನಗು, ನಗು. ಇದು ಬದುಕ್ಲಿ, ನಿನ್ ಸ್ಕೂಟರ್‌ಗೂ ನೆರಳು ಕೊಡತ್ತೆ.”

ಹೊದಿಸಿದ ಸೀರೆಯನ್ನು ಅವರು ತೆಗೆಯಲೇ ಇಲ್ಲ. ಕೆಲವು ವಾರಗಳಾದ ಮೇಲೆ ನೋಡಿದರೆ ಹೊಸ ಚಿಗುರು ಬಿಳಿಚಿಕೊಂಡು, ದಾರದಂತೆ ಸಣ್ಣಗಾಗಿ, ಸೆರಗಿನ ಹರಕಿನಿಂದ ಹೊರಗೆ ತಲೆ ಹಾಕಿತ್ತು. ಬಿಸಿಲಿಗೆ ಬೆಂದದ್ದು ಮತ್ತೆ ಬಿಸಿಲನ್ನೇ ಹುಡುಕಿಕೊಂಡು ಹೊರಟಿದೆ! “ಎಲಾ ಇದರ!” ಎಂದು ಅವರು ಅಲ್ಲೇ ಕೂತುಬಿಟ್ಟರು.

ಬಾಣಂತನದಲ್ಲಿ ಕೂಸಿಗೆ ಎಣ್ಣೆ ಹಚ್ಚಿ ಎಳೆಬಿಸಿಲು ಕಾಯಿಸುತ್ತಿದ್ದದ್ದು ನೆನಪಾಯಿತು. ಕೂಸನ್ನು ಯಾರೂ ಮಟಮಟ ಮಧ್ಯಾಹ್ನ ಅಂಗಳದಲ್ಲಿ ಮಲಗಿಸುವುದಿಲ್ಲ. ಹಾಗಂತ ಕತ್ತಲೆ ಕೋಣೆಯಲ್ಲೇ ಇಟ್ಟು ಬೆಳೆಸುವುದೂ ಇಲ್ಲ. ಅಂದಿನಿಂದ ಬೆಳಗ್ಗೆ ಸೀರೆ ಸರಿಸಿ, ಬಿಸಿಲೇರಿದ ಮೇಲೆ ಹೊದಿಸಿದರು. ಬರುಬರುತ್ತಾ ಇನ್ನಷ್ಟು ತಡವಾಗಿ ಹೊದಿಸತೊಡಗಿದರು.

ಸುಟ್ಟ ಎಲೆಗಳನ್ನು ಗಿಡ್ಡಪ್ಪ ತಾನಾಗಿ ಉದುರಿಸಿತು. ಅವುಗಳ ಜಾಗದಲ್ಲಿ ಬಂದ ಎಲೆಗಳು ಚಿಕ್ಕವು, ಆದರೆ ದಪ್ಪ, ಮುಟ್ಟಿದರೆ ಗಟ್ಟಿ. ಯಾರೂ ಹೇಳಿಕೊಡದೆ ಬಿಸಿಲಿಗೆ ತಕ್ಕ ಎಲೆ ಮಾಡಿಕೊಳ್ಳುವ ಆ ಜಾಣತನಕ್ಕೆ ಕೈ ಮುಗಿಯಬೇಕು ಅನ್ನಿಸಿತು. ಅತ್ತಿತ್ತ ನೋಡಿ, ಮುಗಿದೇಬಿಟ್ಟರು.

ಮುಂದಿನ ಬೇಸಿಗೆಗೆ ಅದು ಸೊಂಟದೆತ್ತರ ಬಂದಿತ್ತು. ಒಂದು ಮಧ್ಯಾಹ್ನ ಜಗದಾಂಬಾ ಗಟ್ಟಿ ಮನಸ್ಸು ಮಾಡಿ ಸೀರೆ ತೆಗೆದು ಮಡಿಚಿಟ್ಟರು. ಎಲೆ ಬಾಡೀತೇನೋ ಎಂದು ಗಿಡಕ್ಕೆ ಒತ್ತಿಕೊಂಡೇ ನಿಂತರು. ಒಂದೆಲೆಯೂ ಜೋಲಲಿಲ್ಲ.

ಊಟಕ್ಕೆ ಬಂದ ಉದಯಕುಮಾರ್ ಸ್ಕೂಟರ್ ನಿಲ್ಲಿಸಿದ. “ಆಂಟಿ, ಈ ಬಿಸಿಲಲ್ಲಿ ಯಾಕ್ ನಿಂತಿದೀರಾ?”

ಅವರು ತಲೆ ತಗ್ಗಿಸಿ ನೋಡಿಕೊಂಡರು, ಕಣ್ಣು ತುಂಬಿ ಬಂತು.

“ಬಿಸಿಲೆಲ್ಲೋ? ನೋಡು, ನನ್ ಪಾದಕ್ಕೆ ಆಗ್ಲೇ ನೆರಳು ಕೊಟ್ಟಿದೆ.”