ತಲೆಕೆಳಗಾದ ತಾರಸಿ

ಸ್ಟ್ಯಾಂಡಿನ ಮೂರನೆಯ ಕಾಲು ನಿಲ್ಲುತ್ತಿರಲಿಲ್ಲ. ಹಿತ್ತಲಿನ ನೆಲ ಇಷ್ಟು ಓರೆಯಾಗಿದೆಯೆಂದು, ಕೇಶ್ವಾಪುರದ ಈ ಮನೆಗೆ ಬಂದಾಗಿನಿಂದ ರಮಾಕಾಂತನಿಗೆ ಗೊತ್ತೇ ಆಗಿರಲಿಲ್ಲ. ಹೆಂಚಿನ ಚೂರೊಂದನ್ನು ಹುಡುಕಿ ಅದರ ಕೆಳಗೆ ತುರುಕಿದ. ಪುಟ್ಟ ಟೆಲಿಸ್ಕೋಪನ್ನು ಕೂರಿಸಿ ತಿರುಪು ಬಿಗಿದ.

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು ಟೆಲಿಸ್ಕೋಪು ಕೊಂಡದ್ದು ಯಾರಿಗೂ ಆಶ್ಚರ್ಯವೆನಿಸಿರಲಿಲ್ಲ. ಅವನು ಕೊಂಡದ್ದು ಬೇರೆ ಕಾರಣಕ್ಕೆ. ಸಂಜೆಯ ಹೊತ್ತು ಹೆಂಡತಿಯೊಡನೆ ಮಾತಾಡಲು ಏನಾದರೊಂದು ಬೇಕಾಗಿತ್ತು.

ಸುಕನ್ಯಾ ಧಾರವಾಡಕ್ಕೆ ಹೋಗಿದ್ದಳು. ಪ್ರತಿ ರವಿವಾರ ಹೋಗುತ್ತಿದ್ದಳು, ತನ್ನ ಅಕ್ಕ ದೇವಕ್ಕನ ಮನೆಗೆ.

ಬೆಳಕಿರುವಾಗಲೇ ದೂರದ ಯಾವುದಾದರೂ ವಸ್ತುವಿನ ಮೇಲೆ ಟೆಲಿಸ್ಕೋಪು ಹೊಂದಿಸಿಕೊಳ್ಳಬೇಕಿತ್ತು. ಎರಡು ಮನೆಗಳ ಸಂದಿಯಲ್ಲಿ ಇದೇ ಊರಿನ ಬೆಂಗೇರಿ ಕಡೆಯ ತಾರಸಿಗಳು ಕಾಣುತ್ತಿದ್ದವು. ಒಂದು ನೀರಿನ ಟಾಕಿಯನ್ನು ಆರಿಸಿಕೊಂಡ. ಟಾಕಿ ತಲೆಕೆಳಗಾಗಿ ಕಂಡಿತು. ಇಂಥ ಟೆಲಿಸ್ಕೋಪಿನಲ್ಲಿ ಎಲ್ಲವೂ ಹಾಗೆಯೇ. ಗ್ರಹಗಳಿಗೆ ಅದರಿಂದ ವ್ಯತ್ಯಾಸವಾಗುವುದಿಲ್ಲ.

ಟಾಕಿಯ ಪಕ್ಕದಲ್ಲಿ ಸುಕನ್ಯಾ ಕೂತಿದ್ದಳು.

ಕಣ್ಣು ತೆಗೆದ. ಒರೆಸಿಕೊಂಡು ಮತ್ತೆ ಇಟ್ಟ. ಮಧ್ಯಾಹ್ನ ಅವಳು ಉಟ್ಟುಹೋದ ಅದೇ ಹಸಿರು ಇಳಕಲ್ ಸೀರೆ. ಕೂದಲು ಬಿಚ್ಚಿತ್ತು. ಹಿಂದೆ ಕೂತ ಮುದುಕಿಯೊಬ್ಬಳು ಎಣ್ಣೆ ಹಚ್ಚುತ್ತಿದ್ದಳು. ಆ ಮುದುಕಿಯನ್ನು ಅವನು ಎಂದೂ ಕಂಡಿರಲಿಲ್ಲ.

ಸುಕನ್ಯಾಳ ಭುಜಗಳು ಕುಲುಕುತ್ತಿದ್ದವು. ನಗುತ್ತಿದ್ದಳೋ ಅಳುತ್ತಿದ್ದಳೋ. ತನ್ನ ತಲೆಯನ್ನೇ ವಾಲಿಸಿ ನೋಡಿದ. ತಿಳಿಯಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ತಿಳಿಯಬೇಕಿತ್ತು. ಅಲ್ಲೊಬ್ಬ ಗಂಡಸು ಇದ್ದಿದ್ದರೆ ಸಿಟ್ಟಾದರೂ ಬರುತ್ತಿತ್ತು.

ಮುಸ್ಸಂಜೆಗೆ ಅವಳು ಬಂದಳು.

"ಅಕ್ಕಾರು ಹ್ಯಾಂಗದಾರ?"

"ಛಲೋ ಅದಾಳ."

"ಬಸ್ಸು ಗದ್ದಲಿತ್ತೇನು?"

"ಯಾವಾಗ್ಲೂ ಇದ್ದಂಗ."

ಕೊಬ್ಬರಿ ಎಣ್ಣೆಯ ವಾಸನೆ ಅವರಿಬ್ಬರ ನಡುವೆ ನಿಂತಿತ್ತು.

"ತಲಿಗೆ ಎಣ್ಣಿ ಹಚ್ಚಿಕೊಂಡಿ?"

"ಅಕ್ಕ ಹಚ್ಚಿದ್ಳು."

ಮುಂದೆ ಕೇಳಲಿಲ್ಲ. ಕೇಳಿದರೆ ಅವಳು ಹೇಳಿಬಿಟ್ಟಾಳೆಂದು ಹೆದರಿಕೆಯಾಯಿತು. ಆಕಾಶದಲ್ಲಿ ಗುರು ಗ್ರಹ ಕಾಣಿಸಿಕೊಂಡಿತ್ತು. ಅದನ್ನು ಟೆಲಿಸ್ಕೋಪಿನಲ್ಲಿ ಹಿಡಿದು, ಬಾ, ನೋಡು ಎಂದ.

ಅವಳು ಬಗ್ಗಿ ಕಣ್ಣಿಟ್ಟಳು.

"ಬಾಜೂಕ ಸಣ್ಣ ಸಣ್ಣ ಚುಕ್ಕಿ ಅದಾವ."

"ಅವು ಅದರ ಚಂದ್ರ."

ಪಕ್ಕದ ಮನೆಯಲ್ಲಿ ಕುಕ್ಕರು ಸೀಟಿ ಹೊಡೆದು ನಿಂತಿತು.

"ಇದರಾಗ ದೂರದ ಮನಿಗೋಳೂ ಕಾಣತಾವೇನ್ರಿ?"

"ಇಲ್ಲ," ಎಂದ. "ಆಕಾಶ ಅಷ್ಟ."

ಅವಳು ಕಣ್ಣು ತೆಗೆಯಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದಳು.

ಭೂಮಿ ತಿರುಗುತ್ತದೆ, ಗ್ರಹ ಒಂದೆಡೆ ನಿಲ್ಲುವುದಿಲ್ಲ. ಆಗಾಗ ಟೆಲಿಸ್ಕೋಪನ್ನು ಕೈಯಿಂದ ಸರಿಸುತ್ತಿರಬೇಕು. ಇಷ್ಟರಲ್ಲಿ ಗ್ರಹ ನೋಟದಿಂದ ಜಾರಿಹೋಗಿರಬೇಕೆಂದು ರಮಾಕಾಂತನಿಗೆ ಗೊತ್ತಿತ್ತು. ಕೈ ಚಾಚಲಿಲ್ಲ.

"ಕಾಣಾಕತ್ತೈತೇನು?"

"ಹೂಂ. ಕಾಣಾಕತ್ತೈತಿ."

ಬಾಗಿದ ಬೆನ್ನು ಅಲುಗಲಿಲ್ಲ. ಬರಿದಾದ ಆ ಕಪ್ಪು ಬಿಲ್ಲೆಗೆ ಕಣ್ಣು ಒತ್ತಿಕೊಂಡು ಅವಳು ನೋಡುತ್ತಲೇ ಇದ್ದಳು.